ಪದೇ ಪದೇ ಮರೆತುಹೋಗುವ ಕಾರ್ಡುಗಳನ್ನು ಏನು ಮಾಡಬೇಕು?

ಪ್ರಶ್ನೆ: ತುಂಗಭದ್ರೆಯ ದಡ (ಹರಿಹರ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಾ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಒಂದು ವರ್ಷದಿಂದ ತಯಾರಿ ನಡೆಸುತ್ತಿದ್ದೇನೆ. ಬೆಳಿಗ್ಗೆ ಹೋಗುವಾಗ ಮತ್ತು ಸಂಜೆ ಬರುವಾಗ ಬಸ್ಸಿನಲ್ಲಿ ಸಿಗುವ ಸಮಯ, ಮಧ್ಯಾಹ್ನ ಊಟವಾದ ಮೇಲಿನ ಹತ್ತು ನಿಮಿಷ, ಇಷ್ಟೇ ನನಗೆ ಖಚಿತವಾಗಿ ಸಿಗುವ ಓದಿನ ಹೊತ್ತು. ಆದ್ದರಿಂದ ದಪ್ಪ ಪುಸ್ತಕಗಳನ್ನು ಹೊತ್ತು ತಿರುಗುವುದನ್ನು ಬಿಟ್ಟು ಫ್ಲ್ಯಾಶ್‌ಕಾರ್ಡುಗಳನ್ನು ಮಾಡಿಕೊಂಡೆ. ಲಗ್ನಪತ್ರಿಕೆ ಮುದ್ರಿಸುವ ಪರಿಚಯದ ಪ್ರೆಸ್ಸಿನವರು ಅಂಚು ಕತ್ತರಿಸಿ ಉಳಿದ ದಪ್ಪ ಕಾಗದದ ತುಂಡುಗಳನ್ನು ಕೊಡುತ್ತಾರೆ. ಅವುಗಳ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಬರೆದು, ಚಪ್ಪಲಿ ಡಬ್ಬಿಯೊಳಗೆ ರಟ್ಟಿನಿಂದ ಐದು ಮನೆಗಳನ್ನು ಮಾಡಿ ಜೋಡಿಸಿಟ್ಟಿದ್ದೇನೆ. ಸೆಬಾಸ್ಟಿಯನ್ ಲೈಟ್ನರ್ ಎಂಬುವರು 1970ರ ದಶಕದಲ್ಲಿ ಬಳಕೆಗೆ ತಂದ ಪದ್ಧತಿ ಇದು. ಸರಿಯುತ್ತರ ಹೇಳಿದ ಕಾರ್ಡು ಮುಂದಿನ ಮನೆಗೆ ಹೋಗುತ್ತದೆ. ತಪ್ಪಿದ ಕಾರ್ಡು ಯಾವ ಮನೆಯಲ್ಲಿದ್ದರೂ ಮೊದಲನೆಯ ಮನೆಗೆ ಮರಳುತ್ತದೆ. ಮೊದಲ ಮನೆಯವನ್ನು ದಿನವೂ ನೋಡುತ್ತೇನೆ, ಕೊನೆಯ ಮನೆಯವನ್ನು ತಿಂಗಳಿಗೊಮ್ಮೆ.

ಒಟ್ಟು 640 ಕಾರ್ಡುಗಳಿವೆ. ಬಹುಪಾಲು ಮುಂದೆ ಸಾಗಿವೆ, ಆ ಬಗ್ಗೆ ನನಗೆ ದೂರಿಲ್ಲ. ಆದರೆ ಸುಮಾರು 60 ಕಾರ್ಡುಗಳು ತಿಂಗಳುಗಟ್ಟಲೆ ಮೊದಲ ಮನೆಯನ್ನು ಬಿಟ್ಟು ಕದಲುತ್ತಿಲ್ಲ. ಎರಡನೆಯ ಮನೆಗೆ ಹೋದರೂ ಮೂರು ದಿನಕ್ಕೆ ವಾಪಸ್ಸು ಬರುತ್ತವೆ. ಕೆಲವನ್ನು ಇದ್ದ ಹಾಗೆಯೇ ಇಲ್ಲಿ ಬರೆಯುತ್ತೇನೆ.

ಮೊದಲನೆಯದು, "ಹೈದರಲಿ ಚಿತ್ರದುರ್ಗವನ್ನು ವಶಪಡಿಸಿಕೊಂಡ ವರ್ಷ ಯಾವುದು?" ಎಂಬುದು. ಹಿಂಬದಿಯಲ್ಲಿ 1779 ಎಂದಿದೆ, ನನ್ನ ಬಾಯಿಗೆ 1799 ಬರುತ್ತದೆ. ಇನ್ನೊಂದು, "ಸಂವಿಧಾನದ 73ನೇ ತಿದ್ದುಪಡಿಯ ಬಗ್ಗೆ ತಿಳಿಸಿ" ಎಂಬ ಕಾರ್ಡು. ಅದರ ಹಿಂಬದಿಯಲ್ಲಿ ಒಂಬತ್ತು ಸಾಲುಗಳಿವೆ. ಮತ್ತೊಂದು, "ಐದು ರಿಟ್‌ಗಳು (ನ್ಯಾಯಾಲಯ ಹೊರಡಿಸುವ ವಿಶೇಷ ಆದೇಶಗಳು) ಯಾವುವು?" ಎಂಬುದು. ನಾಲ್ಕು ನೆನಪಾಗುತ್ತವೆ, ಒಂದು ಬಿಟ್ಟುಹೋಗುತ್ತದೆ, ಬಿಟ್ಟುಹೋಗುವುದೂ ದಿನಕ್ಕೊಂದು. ಪಂಚಾಯಿತಿಗಳ ಬಗೆಗಿನ 243ನೇ ವಿಧಿಯ ಉಪವಿಧಿಗಳಂತೂ ಒಂದರ ಮೇಲೊಂದು ಕಲಸಿಹೋಗಿವೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ವಾಣಿವಿಲಾಸ ಸಾಗರ ಅಣೆಕಟ್ಟು ಪೂರ್ಣಗೊಂಡ ವರ್ಷ 1907 ಎಂಬ ಕಾರ್ಡು ಐದನೆಯ ಮನೆಯಲ್ಲಿತ್ತು. ಕಳೆದ ವಾರ ಅಣಕು ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಆ ಕಾರ್ಡು ತೆಗೆದ ಕೂಡಲೇ 1907 ಎಂದು ನೆನಪಾಯಿತು. ಆ ಕಾರ್ಡಿನ ಮೂಲೆಯಲ್ಲಿ ನೀಲಿ ಶಾಯಿಯ ಕಲೆಯಿದೆ. ನಾನು ಇಷ್ಟು ದಿನ ಓದುತ್ತಿದ್ದದ್ದು ಪ್ರಶ್ನೆಯನ್ನಲ್ಲ, ಆ ಕಲೆಯನ್ನು ಎಂಬುದು ಆಗ ತಿಳಿಯಿತು.

ಈ ಕಾರ್ಡುಗಳನ್ನು ಹೊಸದಾಗಿ ಬರೆಯಬೇಕೇ, ಒಡೆಯಬೇಕೇ ಅಥವಾ ಇನ್ನಷ್ಟು ಸಲ ಓದಿದರೆ ತಾವಾಗಿಯೇ ನಿಲ್ಲುತ್ತವೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಏಳುಸುತ್ತು (ಚಿತ್ರದುರ್ಗ)

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ತಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇನ್ನಷ್ಟು ಸಲ ಓದಿದರೆ ನಿಲ್ಲುತ್ತವೆಯೇ ಎಂದು ಕೇಳಿದ್ದೀರಿ. ತಿಂಗಳುಗಟ್ಟಲೆ ನಿಲ್ಲದ ಕಾರ್ಡು ಅದೇ ರೂಪದಲ್ಲಿ ಮುಂದೆಯೂ ನಿಲ್ಲುವುದಿಲ್ಲವೆಂದೇ ಇಟ್ಟುಕೊಳ್ಳಿ. 640ರಲ್ಲಿ 580 ನಿಂತಿವೆ ಎಂದರೆ ತಮ್ಮ ನೆನಪಿನ ಶಕ್ತಿಯಲ್ಲಿ ಕೊರತೆಯಿಲ್ಲ. ಉಳಿದ ಅರವತ್ತರ ಬರವಣಿಗೆಯಲ್ಲಿ ಏನೋ ತೊಡಕಿದೆ, ಅದನ್ನು ಹುಡುಕಬೇಕು.

ಹುಡುಕಲು ಒಂದು ಪೆನ್ಸಿಲ್ ಸಾಕು. ಕಾರ್ಡು ತಪ್ಪಿದ ಪ್ರತಿ ಸಲವೂ, ಹಿಂಬದಿಯನ್ನು ನೋಡುವುದಕ್ಕೆ ಮೊದಲು ಮನಸ್ಸಿಗೆ ಬಂದ ಉತ್ತರ ಯಾವುದೋ ಅದನ್ನೇ ಮೂಲೆಯಲ್ಲಿ ಸಣ್ಣದಾಗಿ ಬರೆಯಿರಿ. ಏನೂ ಹೊಳೆಯದಿದ್ದರೆ ಒಂದು ಅಡ್ಡಗೆರೆ ಎಳೆಯಿರಿ. ಸರಿಯುತ್ತರವನ್ನು ಹತ್ತು ಸಲ ಬರೆಯುವ ಅಭ್ಯಾಸ ನಮ್ಮಲ್ಲಿದೆ, ತಪ್ಪುತ್ತರವನ್ನು ಬರೆದಿಡುವ ಅಭ್ಯಾಸವಿಲ್ಲ. ಆದರೆ ಮನೆಯ ಮಾಡು ಎಲ್ಲಿ ಸೋರುತ್ತಿದೆ ಎಂಬುದನ್ನು ತೋರಿಸುವುದು ನೆಲದ ಮೇಲಿನ ಒದ್ದೆಯೇ ಅಲ್ಲವೇ? ಮೂರ್ನಾಲ್ಕು ಸಲ ತಪ್ಪುವಷ್ಟರಲ್ಲಿ ಮೂಲೆಯ ಪೆನ್ಸಿಲ್ ಗುರುತುಗಳು ತೊಡಕು ಎಲ್ಲಿದೆ ಎಂದು ತಾವೇ ಹೇಳುತ್ತವೆ.

ನಮ್ಮ ದುರ್ಗದ ಕಾರ್ಡಿನಿಂದಲೇ ಪ್ರಾರಂಭಿಸುತ್ತೇನೆ. ತಮಗೆ ಬರುವ ತಪ್ಪು ಯಾವಾಗಲೂ ಒಂದೇ, 1799. ಅಂದರೆ ಅದು ಮರೆವಲ್ಲ. ಇನ್ನೊಂದು ನೆನಪು ಬಂದು ಈ ಜಾಗದಲ್ಲಿ ಕುಳಿತಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದದ್ದು ತಮಗೆ ಚೆನ್ನಾಗಿ ನೆನಪಿದೆ. ಎರಡೂ ಕೋಟೆಗಳ ಪತನ, ಎರಡೂ ಮೈಸೂರಿನ ಇತಿಹಾಸ, ಅಂಕಿಗಳಲ್ಲಿ ವ್ಯತ್ಯಾಸ ಒಂದೇ ಒಂದು. ಇಂತಹ ಕಾರ್ಡನ್ನು ಎಷ್ಟು ಸಲ ಓದಿದರೂ ಬಲಶಾಲಿಯಾದ ನೆನಪೇ ಗೆಲ್ಲುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು 1885ರಲ್ಲಿ ಮರೆವಿನ ಬಗ್ಗೆ ಪ್ರಕಟಿಸಿದ ಅಧ್ಯಯನಕ್ಕಾಗಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿದ್ದರು. ಅರ್ಥವಿರುವ ಪದ್ಯದ ಸಾಲುಗಳನ್ನು ಕಲಿಯಲು ಅದರ ಹತ್ತನೇ ಒಂದು ಪಾಲಿನಷ್ಟು ಶ್ರಮ ಸಾಕಾಯಿತೆಂದು ಅವರೇ ದಾಖಲಿಸಿದ್ದಾರೆ. ತಮ್ಮ ಕಾರ್ಡಿನಲ್ಲಿರುವ 1779 ಸದ್ಯಕ್ಕೆ ಅಂತಹ ಅರ್ಥವಿಲ್ಲದ ಅಕ್ಷರಗುಚ್ಛ. ಅದಕ್ಕೆ ಹಿಂದುಮುಂದಿನ ಸಂಬಂಧಿಕರನ್ನು ಕೊಡಬೇಕು.

ಹೈದರಲಿ ತೀರಿಕೊಂಡದ್ದು 1782ರಲ್ಲಿ. ಇದೊಂದು ತಿಳಿದಿದ್ದರೆ 1799 ಎಂಬ ಉತ್ತರ ಬಾಯಿಗೆ ಬಂದ ಕೂಡಲೇ ತಾವೇ ತಡೆಯುತ್ತೀರಿ; ತೀರಿಕೊಂಡು ಹದಿನೇಳು ವರ್ಷವಾದ ಮೇಲೆ ಅವನು ದುರ್ಗವನ್ನು ಗೆಲ್ಲಲು ಸಾಧ್ಯವಿಲ್ಲ. ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಪ್ರಾರಂಭವಾದದ್ದು 1780ರಲ್ಲಿ. ಆ ಯುದ್ಧಕ್ಕೆ ಹಿಂದಿನ ವರ್ಷ ಹೈದರಲಿ ಚಿತ್ರದುರ್ಗವನ್ನು ಮುಗಿಸಿ, ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿದ್ದ. ಈಗ ಹಳೆಯ ಕಾರ್ಡನ್ನು ತೆಗೆದುಹಾಕಿ ಎರಡು ಹೊಸ ಕಾರ್ಡು ಬರೆಯಿರಿ. ಒಂದರಲ್ಲಿ, "ಎರಡನೆಯ ಆಂಗ್ಲೋ-ಮೈಸೂರು ಯುದ್ಧಕ್ಕೆ ಹಿಂದಿನ ವರ್ಷ ಹೈದರಲಿಗೆ ವಶವಾದ ಕೋಟೆ ಯಾವುದು, ಆ ವರ್ಷ ಯಾವುದು?" ಎಂದಿರಲಿ. ಇನ್ನೊಂದರಲ್ಲಿ, "ಚಿತ್ರದುರ್ಗದ ಪತನ ಮತ್ತು ಶ್ರೀರಂಗಪಟ್ಟಣದ ಪತನ: ಎರಡರ ವರ್ಷಗಳನ್ನೂ, ಗೆದ್ದವರು ಯಾರೆಂಬುದನ್ನೂ ಹೇಳಿ" ಎಂದಿರಲಿ. ಜಗಳವಾಡುವ ಎರಡು ಸಂಗತಿಗಳನ್ನು ಬೇರೆ ಬೇರೆ ಕಾರ್ಡಿನಲ್ಲಿ ಅಡಗಿಸಿಡುವುದಕ್ಕಿಂತ ಒಂದೇ ಕಾರ್ಡಿನಲ್ಲಿ ಎದುರುಬದುರು ಕೂರಿಸುವುದು ಒಳ್ಳೆಯದು.

73ನೇ ತಿದ್ದುಪಡಿಯ ಕಾರ್ಡಿನ ತೊಡಕು ಬೇರೆ. ಒಂಬತ್ತು ಸಾಲಿನಲ್ಲಿ ಏಳು ಹೇಳಿ ಎರಡು ಬಿಟ್ಟರೆ ಅದು ಸರಿಯೋ ತಪ್ಪೋ? ದಿನಕ್ಕೊಂದು ರೀತಿ ತೀರ್ಮಾನಿಸುತ್ತೀರಿ, ಏಕೆಂದರೆ ಅದು ಕಾರ್ಡಲ್ಲ, ಟಿಪ್ಪಣಿ. ಒಂದು ಕಾರ್ಡಿಗೆ ಒಂದೇ ಉತ್ತರವಿರಬೇಕು, ಉತ್ತರ ಒಂದು ಉಸಿರಿನಲ್ಲಿ ಮುಗಿಯಬೇಕು. ಪಂಚಾಯಿತಿಗಳ ಈ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಅನುಸೂಚಿ, ಎಂದರೆ ಕೊನೆಯಲ್ಲಿರುವ ಪಟ್ಟಿ, ಹನ್ನೊಂದನೆಯದು. ಆ ಅನುಸೂಚಿಯಲ್ಲಿರುವ ವಿಷಯಗಳು 29. ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಇವು ಮೂರು ಕಾರ್ಡುಗಳು. ಆದರೆ ಒಡೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಒಡೆದ ಮರುವಾರವೇ ನಗರಸಭೆಗಳ 74ನೇ ತಿದ್ದುಪಡಿ ಬಂದು ಢಿಕ್ಕಿ ಹೊಡೆಯುತ್ತದೆ. ಅಲ್ಲಿ ಹನ್ನೆರಡನೆಯ ಅನುಸೂಚಿ, 18 ವಿಷಯಗಳು, 1993ರ ಜೂನ್ 1. ಆದ್ದರಿಂದ ಒಡೆಯುವಾಗಲೇ ಆಧಾರವನ್ನೂ ಕೊಡಿ. ಮೊದಲು ಹಳ್ಳಿ, ಆಮೇಲೆ ಪಟ್ಟಣ. 73 ಆದ ಮೇಲೆ 74, 11 ಆದ ಮೇಲೆ 12, ಏಪ್ರಿಲ್ ಆದ ಮೇಲೆ ಜೂನ್. ವಿಷಯಗಳ ಸಂಖ್ಯೆ ಮಾತ್ರ ತಿರುಗುಮುರುಗು. ಹೊಲ, ಹೈನು, ಮೀನು, ಸಣ್ಣ ನೀರಾವರಿ ಎಲ್ಲವೂ ಸೇರಿ ಹಳ್ಳಿಯ ಪಟ್ಟಿ ಉದ್ದವಾಗಿದೆ. ಏಪ್ರಿಲ್ 24ನ್ನು ರಾಷ್ಟ್ರೀಯ ಪಂಚಾಯತ್ ರಾಜ್ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ ಎಂಬುದನ್ನೂ ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳಿ. ಅದು ಉತ್ತರದ ಭಾಗವಾಗುವುದು ಬೇಡ, ಉತ್ತರಕ್ಕೆ ಊರುಗೋಲಾದರೆ ಸಾಕು.

ರಿಟ್‌ಗಳ ಪಟ್ಟಿಯನ್ನು ಪಟ್ಟಿಯಾಗಿ ಕೇಳಿಕೊಳ್ಳುವುದನ್ನೇ ನಿಲ್ಲಿಸಿ. ಪ್ರತಿಯೊಂದಕ್ಕೂ ಒಂದು ಸಂದರ್ಭ ಕಟ್ಟಿ. ವ್ಯಕ್ತಿಯನ್ನು ಅಕ್ರಮವಾಗಿ ಕೂಡಿಹಾಕಿದ್ದಾರೆ, ಕುಟುಂಬದವರು ಯಾವ ರಿಟ್ ಕೇಳಬೇಕು? ಹೇಬಿಯಸ್ ಕಾರ್ಪಸ್. ಅಧಿಕಾರಿಯೊಬ್ಬರು ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಮಾಡುತ್ತಿಲ್ಲ, ಮ್ಯಾಂಡಮಸ್. ಅರ್ಹತೆಯಿಲ್ಲದವರು ಸಾರ್ವಜನಿಕ ಹುದ್ದೆಯಲ್ಲಿ ಕುಳಿತಿದ್ದಾರೆ, ಕೋ ವಾರಂಟೊ. ಉಳಿದೆರಡು ಬಹಳ ಮಂದಿಗೆ ಗೊಂದಲ ತರುವಂಥವು. ಕೆಳಗಿನ ನ್ಯಾಯಾಲಯ ತನ್ನ ವ್ಯಾಪ್ತಿಗೆ ಬಾರದ ಮೊಕದ್ದಮೆಯನ್ನು ಇನ್ನೂ ನಡೆಸುತ್ತಿರುವಾಗ ತಡೆಯುವುದು ಪ್ರೊಹಿಬಿಷನ್. ಆದೇಶ ಹೊರಬಿದ್ದ ಮೇಲೆ ಅದನ್ನು ರದ್ದುಪಡಿಸುವುದು ಸರ್ಷಿಯೊರರಿ. ಇಲ್ಲಿ ವ್ಯತ್ಯಾಸವಿರುವುದು ಸಮಯದಲ್ಲಿ, ಆದ್ದರಿಂದ ಪ್ರಶ್ನೆಯೂ ಸಮಯವನ್ನೇ ಕೇಳಬೇಕು. ಒಂದೊಂದು ಕನ್ನಡ ಪುಸ್ತಕದಲ್ಲಿ ಇವುಗಳಿಗೆ ಒಂದೊಂದು ಹೆಸರಿದೆ. ಪ್ರಶ್ನೆಪತ್ರಿಕೆಯಲ್ಲಿ ಪರಮಾದೇಶ ಎಂದು ಕಂಡಾಗ ಅದು ಮ್ಯಾಂಡಮಸ್ ಎಂದು ಹೊಳೆಯದೆ ಅಂಕ ಕಳೆದುಕೊಂಡ ಮಕ್ಕಳನ್ನು ನಾನು ಬಲ್ಲೆ. ಎರಡೂ ಹೆಸರನ್ನು ಕಾರ್ಡಿನ ಮೇಲೆ ಬರೆಯಿರಿ.

ಶಾಯಿಯ ಕಲೆಯ ವಿಷಯದಲ್ಲಿ ತಾವು ಕಂಡುಕೊಂಡದ್ದು ಬಹಳ ಮುಖ್ಯವಾದದ್ದು. ಕಲೆ, ಮಡಿಸಿದ ಮೂಲೆ, ಅಕ್ಷರದ ಬಣ್ಣ, ಕಾರ್ಡು ಬರುವ ಕ್ರಮ, ಇವೆಲ್ಲ ಉತ್ತರವನ್ನು ಪಿಸುಗುಡುತ್ತವೆ. ಎಲ್ಲ ಕಾರ್ಡನ್ನೂ ಒಂದೇ ಬಣ್ಣದಲ್ಲಿ ಬರೆಯಿರಿ, ಕಟ್ಟನ್ನು ದಿನವೂ ಇಸ್ಪೀಟಿನಂತೆ ಕಲೆಸಿ, ಕಲೆಯಾದದ್ದನ್ನು ಬದಲಾಯಿಸಿ. ಪೆನ್ಸಿಲ್ ಟಿಪ್ಪಣಿಯನ್ನು ಉತ್ತರವಿರುವ ಬದಿಯಲ್ಲಿಯೇ ಮಾಡಿಕೊಳ್ಳಿ, ಇಲ್ಲವಾದರೆ ಅದೇ ಹೊಸ ಕಲೆಯಾದೀತು. 1907ರ ಕಾರ್ಡನ್ನು ತಿರುಗಿಸಿಯೂ ಕೇಳಿಕೊಳ್ಳಿ: "1898ರಲ್ಲಿ ಪ್ರಾರಂಭವಾಗಿ 1907ರಲ್ಲಿ ಮುಗಿದ, ವೇದಾವತಿ ನದಿಯ ಅಣೆಕಟ್ಟು ಯಾವುದು?" ಕೆಲಸ ಪ್ರಾರಂಭವಾದಾಗ ಮೈಸೂರಿನ ಆಡಳಿತ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರ ಕೈಯಲ್ಲಿತ್ತು, ಹೆಸರೇ ಆ ಕಾಲವನ್ನು ಹೇಳುತ್ತದೆ. ನಮ್ಮ ಕಡೆಯವರು ಮಾರಿಕಣಿವೆ ಎಂದು ಕರೆಯುವುದೂ ಅದನ್ನೇ.

ಉತ್ತರ: ಎರಡನೇ ವರ್ಷ (ದಾವಣಗೆರೆ)

ಅಕ್ಕಾ, ನಾನು ಇಲ್ಲಿಯೇ ವೈದ್ಯಕೀಯ ಓದುತ್ತಿರುವ ವಿದ್ಯಾರ್ಥಿನಿ. ನಾನು ಕಾಗದದ ಬದಲು ಆ್ಯಂಕಿ ಎಂಬ ಆ್ಯಪ್ ಬಳಸುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಮ್ಮೆ ಕಲಿತ ಕಾರ್ಡು ಎಂಟು ಸಲ ತಪ್ಪಿದರೆ ಆ್ಯಪ್ ತಾನೇ ಅದಕ್ಕೆ "ಲೀಚ್", ಎಂದರೆ ಜಿಗಣೆ, ಎಂಬ ಗುರುತು ಹಾಕುತ್ತದೆ. ಹೆಸರು ಸರಿಯಾಗಿಯೇ ಇದೆ, ಅಂತಹ ಹತ್ತು ಕಾರ್ಡುಗಳು ಉಳಿದ ನೂರು ಕಾರ್ಡುಗಳಿಗೆ ಸಲ್ಲಬೇಕಾದ ಹೊತ್ತನ್ನು ಹೀರುತ್ತವೆ. ಡಬ್ಬಿಯಲ್ಲಿಯೂ ಹೀಗೆ ಮಾಡಬಹುದು. ಮೊದಲ ಮನೆಗೆ ವಾಪಸ್ಸು ಬಂದ ಪ್ರತಿ ಸಲ ಒಂದು ಗೀಟು ಹಾಕಿ, ಎಂಟಾದ ಮೇಲೆ ಅದನ್ನು ಡಬ್ಬಿಯಿಂದ ಹೊರಗೆ ತೆಗೆದು ರಿಪೇರಿಗೆಂದು ಬೇರೆ ಲಕೋಟೆಯಲ್ಲಿಡಿ. ಭಾನುವಾರ ಪುಸ್ತಕ ತೆರೆದು ಆ ಲಕೋಟೆಯನ್ನು ಮಾತ್ರ ನೋಡಿ. ಬಸ್ಸಿನಲ್ಲಿ ರಿಪೇರಿ ಆಗುವುದಿಲ್ಲ.

ಮೇಷ್ಟ್ರು ಪೆನ್ಸಿಲ್ ಅಡ್ಡಗೆರೆಯ ಬಗ್ಗೆ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದರು. ನನ್ನ ಕಾರ್ಡುಗಳಲ್ಲಿ ಅಡ್ಡಗೆರೆಗಳೇ ಹೆಚ್ಚು. ಹಿರಿಯ ವಿದ್ಯಾರ್ಥಿಗಳು ಮಾಡಿದ್ದ ಸಾವಿರಾರು ಕಾರ್ಡುಗಳ ಡೆಕ್ಕನ್ನು ಹಾಗೆಯೇ ಫೋನಿಗೆ ಹಾಕಿಕೊಂಡು ಮೊದಲ ವರ್ಷ ಓದಿದ್ದೆ. ಪಾಠ ಅರ್ಥವಾಗುವ ಮೊದಲೇ ಉತ್ತರ ಕಂಠಪಾಠ ಮಾಡುತ್ತಿದ್ದುದರಿಂದ ಹತ್ತನೆಯ ದಿನಕ್ಕೆ ಏನೂ ಉಳಿಯುತ್ತಿರಲಿಲ್ಲ. ರೇಡಿಯಲ್ ನರಕ್ಕೆ ಪೆಟ್ಟಾದರೆ ಏನಾಗುತ್ತದೆ, ಅಲ್ನಾರ್ ನರಕ್ಕೆ ಪೆಟ್ಟಾದರೆ ಏನಾಗುತ್ತದೆ ಎಂಬ ಎರಡು ಕಾರ್ಡುಗಳು ನನ್ನನ್ನು ಮೂರು ತಿಂಗಳು ಸತಾಯಿಸಿದವು. ಒಂದು ದಿನ ಫೋನನ್ನು ಕೆಳಗಿಟ್ಟು ನನ್ನ ಕೈಯನ್ನೇ ನೋಡಿದೆ. ರೇಡಿಯಲ್ ನರ ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳಿಗೆ ಹೋಗುತ್ತದೆ. ಅದು ಕೆಟ್ಟರೆ ಎತ್ತುವವರಿಲ್ಲ, ಮಣಿಕಟ್ಟು ಜೋತುಬೀಳುತ್ತದೆ. ಹಾಗೆಯೇ ಕೈ ಜೋಲು ಬಿಟ್ಟು ಒಂದು ನಿಮಿಷ ಕುಳಿತೆ. ಅಲ್ನಾರ್ ನರ ಕೆಟ್ಟಾಗ ಉಂಗುರದ ಬೆರಳು ಮತ್ತು ಕಿರುಬೆರಳು ಪಂಜದಂತೆ ಬಾಗುತ್ತವೆ. ಅದನ್ನೂ ಮಾಡಿ ನೋಡಿದೆ. ಆಮೇಲೆ ಆ ಎರಡು ಕಾರ್ಡು ತಪ್ಪಿಲ್ಲ. ಟ್ರಪೀಜಿಯಂ, ಟ್ರಪೀಜಾಯ್ಡ್ ಎಂಬ ಅಕ್ಕಪಕ್ಕದ ಎರಡು ಮೂಳೆಗಳ ಗೊಂದಲವೂ ಹೆಬ್ಬೆರಳಿನ ಬುಡವನ್ನು ಮುಟ್ಟಿಕೊಂಡು ಟ್ರಪೀಜಿಯಂ, ತೋರುಬೆರಳಿನ ಬುಡವನ್ನು ಮುಟ್ಟಿಕೊಂಡು ಟ್ರಪೀಜಾಯ್ಡ್ ಎಂದು ಹೇಳಿಕೊಂಡ ಮೇಲೆಯೇ ಹೋಯಿತು. ಅಡ್ಡಗೆರೆ ಬಿದ್ದ ಕಾರ್ಡನ್ನು ಒಡೆಯುವುದರಿಂದ ಪ್ರಯೋಜನವಿಲ್ಲ, ಪುಸ್ತಕದ ಆ ಪುಟಕ್ಕೆ ಮರಳಿ ಹೋಗಿ ಅರ್ಥಮಾಡಿಕೊಂಡು ಬಂದು ತಮ್ಮದೇ ಮಾತಿನಲ್ಲಿ ಬರೆಯಬೇಕು.

ಇನ್ನೊಂದು ಸಂಗತಿ. ಉತ್ತರ ಹೊಳೆಯದಿದ್ದರೆ ಕೂಡಲೇ ಕಾರ್ಡು ತಿರುಗಿಸಬೇಡಿ, ಹತ್ತು ಎಣಿಸುವಷ್ಟು ಹೊತ್ತು ಹುಡುಕಿ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಓದಿದ ಮೇಲೆ ನೋಡದೆ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಾದರು. ತಿರುಗಿಸಿ ನೋಡಿ "ಹೌದು, ಗೊತ್ತಿತ್ತು" ಎಂದುಕೊಳ್ಳುವುದು ಐದು ನಿಮಿಷದ ಲಾಭ.

ಉತ್ತರ: ಪಂಚಾಯಿತಿ ಕಟ್ಟೆ (ಚಳ್ಳಕೆರೆ)

ನಾನು ಇದೇ ಪರೀಕ್ಷೆ ಬರೆದು ಈಗ ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮೇಡಂ ಅವರ 243ನೇ ವಿಧಿಯ ಕಾರ್ಡುಗಳ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ.

ಪಟ್ಟಿಯನ್ನು ಒಡೆಯಬೇಕೆಂಬ ಮೇಷ್ಟ್ರ ಮಾತು ರಿಟ್‌ಗಳಿಗೆ ಸರಿ. ಆದರೆ ಕ್ರಮವೇ ಅರ್ಥವಾಗಿರುವ ಪಟ್ಟಿಯನ್ನು ಒಡೆದರೆ ನಷ್ಟ ಎಂಬುದು ನನ್ನ ಅಭಿಪ್ರಾಯ. 243-ಎ ಇಂದ 243-ಕೆ ವರೆಗಿನದನ್ನು ಹನ್ನೊಂದು ಬಿಡಿ ಕಾರ್ಡು ಮಾಡಿಕೊಂಡು ನಾನೂ ಸೋತಿದ್ದೆ. ಒಂದು ಪಂಚಾಯಿತಿ ಹುಟ್ಟಿ ನಡೆಯುವ ಕಥೆಯಾಗಿ ಓದಿ ನೋಡಿ. ಮೊದಲು ಊರಿನ ಜನ ಸೇರುವ ಗ್ರಾಮಸಭೆ, ಅದು ಎ. ಆಮೇಲೆ ಪಂಚಾಯಿತಿಯ ಸ್ಥಾಪನೆ, ಬಿ. ಅದರಲ್ಲಿ ಯಾರು ಯಾರು ಇರಬೇಕು ಎಂಬ ರಚನೆ, ಸಿ. ಆ ಸ್ಥಾನಗಳಲ್ಲಿ ಯಾರಿಗೆ ಮೀಸಲಾತಿ, ಡಿ. ಗೆದ್ದವರು ಎಷ್ಟು ವರ್ಷ ಇರುತ್ತಾರೆ, ಇ. ಉತ್ತರ ಐದು ವರ್ಷ. ಯಾರು ಅನರ್ಹರು, ಎಫ್. ಕುಳಿತವರ ಅಧಿಕಾರ ಮತ್ತು ಹೊಣೆ ಏನು, ಜಿ. ಹನ್ನೊಂದನೆಯ ಅನುಸೂಚಿ ಬಂದು ಸೇರುವುದು ಇಲ್ಲಿಯೇ. ಕೆಲಸಕ್ಕೆ ಹಣ ಬೇಕು, ತೆರಿಗೆ ವಿಧಿಸುವ ಅಧಿಕಾರ, ಎಚ್. ಹಣ ಹೇಗೆ ಹಂಚಬೇಕೆಂದು ಹೇಳುವ ಹಣಕಾಸು ಆಯೋಗ, ಐ. ಖರ್ಚಾದ ಹಣದ ಲೆಕ್ಕ ತಪಾಸಣೆ, ಜೆ. ಅವಧಿ ಮುಗಿದ ಮೇಲೆ ಮತ್ತೆ ಚುನಾವಣೆ, ಕೆ. ನೀವು ದಿನವೂ ಲೆಕ್ಕ ಬರೆಯುವವರು. ಎಚ್, ಐ, ಜೆ ಮೂರೂ ಹಣದ ಮನೆಗಳೆಂದು ನೆನಪಿಟ್ಟರೆ ಅವು ಕದಲುವುದಿಲ್ಲ.

ಕಥೆ ಬಾಯಿಗೆ ಬಂದ ಮೇಲೆ ಬಿಡಿ ಕಾರ್ಡು ಮಾಡಿ, ಆದರೆ ಪ್ರಶ್ನೆಯಲ್ಲಿ ನೆರೆಮನೆಯನ್ನೂ ಹೇಳಿ: "ರಚನೆಯಾದ ಮೇಲೆ, ಅವಧಿಗೆ ಮೊದಲು ಬರುವ ಉಪವಿಧಿ ಯಾವುದು?" ಎಂದು ಕೇಳಿದರೆ ಮೀಸಲಾತಿ, ಡಿ ಎಂದು ಬರುತ್ತದೆ. ಇದೇ ಡಿ ಕಾರ್ಡಿನಲ್ಲಿ ಇನ್ನೊಂದು ಬಲೆಯಿದೆ. ಮಹಿಳೆಯರಿಗೆ ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಎಂದು ಸಂವಿಧಾನ ಹೇಳುತ್ತದೆ. ನಮ್ಮ ರಾಜ್ಯದ ಕಾನೂನು ಶೇಕಡಾ 50 ಕೊಟ್ಟಿದೆ. "ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಎಷ್ಟು?" ಎಂದು ಬರೆದ ಕಾರ್ಡಿಗೆ ಎರಡೂ ಉತ್ತರ ಸರಿ, ಎರಡೂ ತಪ್ಪು. ಸಂವಿಧಾನದ ಪ್ರಕಾರವೋ ಕರ್ನಾಟಕದ ಕಾನೂನಿನ ಪ್ರಕಾರವೋ ಎಂಬುದನ್ನು ಪ್ರಶ್ನೆಯಲ್ಲಿಯೇ ಬರೆಯದಿದ್ದರೆ, ಉತ್ತರ ಗೊತ್ತಿದ್ದೂ ತಪ್ಪುತ್ತೀರಿ.

ಕೆಲವನ್ನು ಹರಿದು ಹಾಕಲೂ ಹಿಂಜರಿಯಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು, ಒಮ್ಮೆಯೂ ಕೇಳದ, ಇನ್ನಾವುದಕ್ಕೂ ಆಧಾರವಾಗದ ಅಂಕಿಯೊಂದು ಎಂಟು ಸಲ ತಪ್ಪಿದ್ದರೆ ಅದನ್ನು ಬಿಟ್ಟುಬಿಡಿ. ನಾನು ನಲವತ್ತು ಬಿಟ್ಟಿದ್ದೆ.

ತುಂಗಭದ್ರೆಯ ದಡ (ಹರಿಹರ), ನಾಲ್ಕು ವಾರಗಳ ನಂತರ

ಮೂವರಿಗೂ ಮನಃಪೂರ್ವಕ ವಂದನೆಗಳು. ಅರವತ್ತೂ ಕಾರ್ಡುಗಳನ್ನು ಲಕೋಟೆಗೆ ಹಾಕಿ, ಎರಡು ವಾರ ಪೆನ್ಸಿಲಿನಿಂದ ತಪ್ಪುಗಳನ್ನು ಗುರುತಿಸಿದೆ. ಅರ್ಧಕ್ಕೂ ಹೆಚ್ಚು ಕಾರ್ಡುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಬಂದಿತ್ತು. ಮೇಷ್ಟ್ರು ಹೇಳಿದಂತೆ ಅವೆಲ್ಲವೂ ಇನ್ನೊಂದು ಕಾರ್ಡಿನ ಉತ್ತರಗಳು. ಅವುಗಳನ್ನು ಜೋಡಿ ಮಾಡಿ ಬರೆದ ಮೇಲೆ ಬಹುತೇಕ ಎಲ್ಲವೂ ಮೂರನೆಯ ಮನೆ ದಾಟಿವೆ. 1779 ಈಗ ತಪ್ಪುವುದಿಲ್ಲ. 1799 ಬಾಯಿಗೆ ಬರುವ ಮೊದಲೇ 1782 ಅಡ್ಡ ನಿಲ್ಲುತ್ತದೆ. 243ರ ಕಥೆಯನ್ನು ಬಸ್ಸು ಹತ್ತಿ ಇಳಿಯುವುದರೊಳಗೆ ಎರಡು ಸಲ ಹೇಳಿಕೊಳ್ಳುತ್ತೇನೆ. ಒಂಬತ್ತು ಕಾರ್ಡುಗಳನ್ನು ಹರಿದು ಹಾಕಿದೆ. ಕಷ್ಟವಾಯಿತು, ಆದರೂ ಹಾಕಿದೆ.

ಒಂದು ಮಾತ್ರ ಇನ್ನೂ ನಿಂತಿಲ್ಲ. ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಸುವರ್ಣಗಿರಿ ಮತ್ತು ಇಸಿಲ ಎಂಬ ಎರಡು ಊರುಗಳ ಹೆಸರು ಬರುತ್ತವೆ. ಆದೇಶ ಯಾವ ಊರಿನಿಂದ ಯಾವ ಊರಿಗೆ ಹೋಯಿತು ಎಂಬುದನ್ನು ನಾಲ್ಕು ಸಲವೂ ತಿರುಗಿಸಿ ಹೇಳಿದ್ದೇನೆ. ಜೋಡಿ ಕಾರ್ಡು ಮಾಡಿದರೂ ತಿರುಗುತ್ತಿದೆ.

ಏಳುಸುತ್ತು (ಚಿತ್ರದುರ್ಗ)

ಇಲ್ಲಿ ಎರಡು ಸಂಗತಿಗಳು ಕಲಸಿಲ್ಲ, ದಿಕ್ಕು ಕಲಸಿದೆ. ಆದ್ದರಿಂದ ದಿಕ್ಕು ಕಣ್ಣಿಗೆ ಕಾಣುವ ಹಾಗೆ ಬರೆಯಬೇಕು. ತಾವು ಶಾಲೆಯಲ್ಲಿ ಕಲಿತ ಪತ್ರಲೇಖನವನ್ನು ನೆನಪಿಸಿಕೊಳ್ಳಿ. ಮೇಲೆ "ಇಂದ", ಅದರ ಕೆಳಗೆ "ಇವರಿಗೆ". ಆ ಶಾಸನ ಅಕ್ಷರಶಃ ಒಂದು ಕಚೇರಿ ಪತ್ರ. ದಕ್ಷಿಣದ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ರಾಜಕುಮಾರ (ಶಾಸನದಲ್ಲಿ ಆರ್ಯಪುತ್ರ) ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇದ್ದದ್ದು ಸುವರ್ಣಗಿರಿಯಲ್ಲಿ. ಅವರು ತಮ್ಮ ಕೆಳಗಿನ ಅಧಿಕಾರಿಗಳಿಗೆ ಬರೆದದ್ದು. ಪತ್ರ ಸಿಗುವುದು ತಲುಪಿದ ಊರಿನಲ್ಲಿ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಯ ಮೇಲೆ, 1892ರಲ್ಲಿ ಬಿ. ಎಲ್. ರೈಸ್ ಅವರಿಗೆ ಅದು ಸಿಕ್ಕಿತು ಎಂದ ಮೇಲೆ, ತಲುಪಿದ ಊರು ಇಲ್ಲಿಯದೇ. ಕಾರ್ಡಿನ ಹಿಂಬದಿಯನ್ನು ಹೀಗೆ ಬರೆದುಕೊಳ್ಳಿ, ಮುಂಬದಿಯಲ್ಲಿ ಊರುಗಳ ಜಾಗವನ್ನು ಖಾಲಿ ಬಿಡಿ:

ಇಂದ,
ಆರ್ಯಪುತ್ರ ಮತ್ತು ಮಹಾಮಾತ್ರರು,
ಸುವರ್ಣಗಿರಿ.

ಇವರಿಗೆ,
ಮಹಾಮಾತ್ರರು,
ಇಸಿಲ.

ಕೆಳಗೆ ಬಲಬದಿಯಲ್ಲಿ, ನಾವು ಸಹಿ ಮಾಡುವ ಜಾಗದಲ್ಲಿ, ಲಿಪಿಕಾರ ಚಪಡ ಎಂದು ಬರೆಯಿರಿ. ಅವನು ಶಾಸನವನ್ನೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಹೇಳುವ ಕೊನೆಯ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದನ್ನು ಬೇರೊಂದು ಕಾರ್ಡು ಮಾಡಿಕೊಳ್ಳಿ.